ಅಲಬಾಮಾದ ನಕ್ಷೆಯಲ್ಲಿ ಆ ನೀಲಿ ಪಟ್ಟಿ ಎಲ್ಲಿಂದ ಬಂತು?

ಪ್ರಶ್ನೆ: ನಾನು ಗದಗ ಜಿಲ್ಲೆಯ ನಿವೃತ್ತ ಶಿಕ್ಷಕ. ಮಗಳು ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಇಂಜಿನಿಯರ್. ಬರುವ ಏಪ್ರಿಲ್‌ನಲ್ಲಿ ನಾವಿಬ್ಬರೂ ಅಲ್ಲಿಗೆ ಹೊರಟಿದ್ದೇವೆ. 2020ರ ಅಧ್ಯಕ್ಷರ ಚುನಾವಣೆಯ ನಕ್ಷೆ ನೋಡಿದೆ. ಅಲಬಾಮಾ ಪೂರ್ತಿ ಕೆಂಪು, ನಡುವೆ ಅಡ್ಡಲಾಗಿ ಒಂದು ನೀಲಿ ಪಟ್ಟಿ. ಅದು ಯಾಕೆ ಹಾಗಿದೆ? ಇನ್ನೊಂದು, ಆ ರಾಜ್ಯದ ಸಂವಿಧಾನ ನಮ್ಮ ದೇಶದ ಸಂವಿಧಾನಕ್ಕಿಂತ ಉದ್ದ ಅಂತ ಓದಿದೆ. ನಿಜವೇ? ಒಂದು ರಾಜ್ಯಕ್ಕೆ ಅಷ್ಟು ದೊಡ್ಡ ಸಂವಿಧಾನ ಏಕೆ ಬೇಕಾಯ್ತು? ಅಲ್ಲಿ ನೋಡುವಂಥದ್ದು ಏನಿದೆ?

ಉತ್ತರ: ಮೇಷ್ಟ್ರೇ, ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಆ ನೀಲಿ ಪಟ್ಟಿಯಲ್ಲೇ. ನಕ್ಷೆಯಲ್ಲಿ ಕೆಂಪು ಅಂದರೆ ರಿಪಬ್ಲಿಕನ್ ಪಕ್ಷ ಗೆದ್ದ ಜಾಗ, ನೀಲಿ ಅಂದರೆ ಡೆಮಾಕ್ರಟಿಕ್ ಪಕ್ಷ ಗೆದ್ದ ಜಾಗ. ಸಂವಿಧಾನ ಅಷ್ಟು ಉದ್ದ ಬೆಳೆದದ್ದಕ್ಕೂ ಆ ಪಟ್ಟಿಯ ಹೊಲಗಳಿಗೂ ನೇರ ಸಂಬಂಧ ಇದೆ. ಅದಕ್ಕೆ ಮೊದಲು ಮಣ್ಣಿನಿಂದ ಶುರು ಮಾಡೋಣ.

ಅಲಬಾಮಾ ವಿಸ್ತೀರ್ಣದಲ್ಲಿ ಕರ್ನಾಟಕದ ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಡಿಮೆ. ಜನಸಂಖ್ಯೆ ಮಾತ್ರ 50 ಲಕ್ಷದ ಆಸುಪಾಸು. ಉತ್ತರಕ್ಕೆ ಅಪಲಾಚಿಯನ್ ಬೆಟ್ಟಸಾಲು ಬಂದು ಮುಗಿಯುತ್ತದೆ. ದಕ್ಷಿಣಕ್ಕೆ ಪೈನ್ ಕಾಡು, ಆಮೇಲೆ ಮೊಬೀಲ್ ಕೊಲ್ಲಿ, ಮೆಕ್ಸಿಕೊ ಕೊಲ್ಲಿ. ಡೈನೋಸಾರ್‌ಗಳ ಕಾಲದ ಕೊನೆಗೆ, ಅಂದರೆ ಏಳೆಂಟು ಕೋಟಿ ವರ್ಷಗಳ ಹಿಂದೆ, ಈ ಸಮುದ್ರ ಈಗಿನ ರಾಜ್ಯದ ನಡುಮಧ್ಯದವರೆಗೂ ಇತ್ತು. ಅದರ ತಳದಲ್ಲಿ ಕಣ್ಣಿಗೆ ಕಾಣದ ಜೀವಿಗಳ ಚಿಪ್ಪು ಪದರ ಪದರವಾಗಿ ಕೂತು ಸೀಮೆಸುಣ್ಣದ ಕಲ್ಲಾಯಿತು. ಸಮುದ್ರ ಹಿಂದೆ ಸರಿದ ಮೇಲೆ ಆ ಕಲ್ಲಿನ ಮೇಲೆ ಕಪ್ಪು ಮಣ್ಣು ಹುಟ್ಟಿತು. ಸುಮಾರು 40 ಕಿ.ಮೀ ಅಗಲದ ಬಾಗಿದ ಪಟ್ಟಿ ಅದು. ಪೂರ್ವದಿಂದ ಪಶ್ಚಿಮಕ್ಕೆ ರಾಜ್ಯವನ್ನು ದಾಟಿ ಪಕ್ಕದ ಮಿಸಿಸಿಪ್ಪಿಗೂ ಹೋಗುತ್ತದೆ. ಇದಕ್ಕೆ ಬ್ಲ್ಯಾಕ್ ಬೆಲ್ಟ್ ಅಂತ ಹೆಸರು.

ಗದಗದವರಿಗೆ ಈ ಮಣ್ಣನ್ನು ವಿವರಿಸಬೇಕಿಲ್ಲ. ನಿಮ್ಮ ಕಡೆಯ ಎರೆ ಹೊಲ ಹುಟ್ಟಿದ ಬಗೆ ಬೇರೆ, ಸ್ವಭಾವ ಮಾತ್ರ ಥೇಟ್ ಇದೇ. ಮಳೆ ಬಂದರೆ ಕಾಲಿಗೆ ಮೆತ್ತಿಕೊಳ್ಳುತ್ತೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತೆ, ಹತ್ತಿಗೆ ಹೇಳಿ ಮಾಡಿಸಿದ್ದು.

ಆ ನೆಲ ಕ್ರೀಕ್ ಅಥವಾ ಮಸ್ಕೋಗಿ ಎಂಬ ಮೂಲನಿವಾಸಿ ಜನರದ್ದಾಗಿತ್ತು. ಸುತ್ತಮುತ್ತ ಚೆರೋಕಿ, ಚೋಕ್ಟಾ, ಚಿಕಸಾ ಜನ ಇದ್ದರು. 1814ರ ಮಾರ್ಚ್‌ನಲ್ಲಿ ಹಾರ್ಸ್‌ಶೂ ಬೆಂಡ್ ಎಂಬಲ್ಲಿ ಅಮೆರಿಕದ ಸೇನಾನಿ ಆಂಡ್ರ್ಯೂ ಜಾಕ್ಸನ್ ಕ್ರೀಕರನ್ನು ಸೋಲಿಸಿದ. ಆಮೇಲಿನ ಒಪ್ಪಂದದಲ್ಲಿ 2 ಕೋಟಿಗೂ ಹೆಚ್ಚು ಎಕರೆ ನೆಲ ಕಿತ್ತುಕೊಂಡ. ಜಾಕ್ಸನ್ ಪರವಾಗಿ ಹೋರಾಡಿದ ಕ್ರೀಕರ ನೆಲವೂ ಅದರಲ್ಲಿ ಹೋಯಿತು. ಐದೇ ವರ್ಷದಲ್ಲಿ, 1819ರ ಡಿಸೆಂಬರ್ 14ಕ್ಕೆ, ಅಲಬಾಮಾ 22ನೇ ರಾಜ್ಯವಾಯಿತು. ಉಳಿದ ಮೂಲನಿವಾಸಿಗಳಲ್ಲಿ ಹೆಚ್ಚಿನವರನ್ನು 1830ರ ದಶಕದಲ್ಲಿ ಮಿಸಿಸಿಪ್ಪಿ ನದಿಯ ಆಚೆಗೆ ಅಟ್ಟಿದರು.

ಖಾಲಿ ಮಾಡಿಸಿದ ಎರೆ ಭೂಮಿಗೆ ಜಾರ್ಜಿಯಾ, ಕೆರೊಲೈನಾಗಳಿಂದ ತೋಟದ ಮಾಲೀಕರು ಗುಲಾಮರನ್ನು ಕಟ್ಟಿಕೊಂಡು ಬಂದರು. ಹತ್ತಿ ಅಲಬಾಮಾ ನದಿಯಲ್ಲಿ ಉಗಿದೋಣಿ ಹತ್ತಿ ಮೊಬೀಲ್ ಬಂದರಿಗೆ ಹೋಗುತ್ತಿತ್ತು, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ. 1860ರ ಜನಗಣತಿಯಲ್ಲಿ ರಾಜ್ಯದ ಜನ 9.64 ಲಕ್ಷ. ಅದರಲ್ಲಿ 4.35 ಲಕ್ಷ ಜನ ಗುಲಾಮರು. ಕಪ್ಪು ಮಣ್ಣಿನ ಕೌಂಟಿಗಳಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಗುಲಾಮರೇ ಬಹುಸಂಖ್ಯಾತರು. ಉತ್ತರದ ಗುಡ್ಡಗಾಡಿನಲ್ಲಿ ಬಡ ಬಿಳಿಯ ರೈತರು ಜಾಸ್ತಿ, ಗುಲಾಮರು ಕಡಿಮೆ. 1861ರಲ್ಲಿ ಒಕ್ಕೂಟ ಬಿಟ್ಟು ಹೋಗುವ ಮಾತು ಬಂದಾಗ ಆ ಗುಡ್ಡಗಾಡಿನವರು ಬಹಳ ಮಂದಿ ಒಪ್ಪಲಿಲ್ಲ. ಅವರ ಮಾತು ನಡೆಯಲಿಲ್ಲ. ದಕ್ಷಿಣದ ಪ್ರತ್ಯೇಕ ಸರ್ಕಾರದ ಮೊದಲ ರಾಜಧಾನಿ, ಅಲಬಾಮಾದ ರಾಜಧಾನಿಯಾದ ಮಾಂಟ್‌ಗೊಮರಿಯೇ ಆಯಿತು.

ಉತ್ತರದ ರಾಜ್ಯಗಳ ಜೊತೆಗಿನ ಅಂತರ್ಯುದ್ಧ ಸೋತರು, ಗುಲಾಮಗಿರಿ ಹೋಯಿತು. 1870ರ 15ನೇ ತಿದ್ದುಪಡಿ ಕರಿಯ ಗಂಡಸರಿಗೂ ಮತ ಕೊಟ್ಟಿತು. ಈಗ ಆ ಪಟ್ಟಿಯ ಜಮೀನ್ದಾರರ ಕಷ್ಟ ಊಹಿಸಿ. ಭೂಮಿ ಅವರದು, ಮತ ಮಾತ್ರ ಅವರ ಹೊಲದಲ್ಲಿ ಪಾಲಿಗೆ ಉಳುವವರದ್ದು. ಮೂವತ್ತು ವರ್ಷ ಬೆದರಿಕೆ, ಹೊಡೆತ, ಕಳ್ಳಮತದಲ್ಲಿ ನಡೆಸಿದರು. ಕೊನೆಗೆ ಇದನ್ನೆಲ್ಲ ಕಾನೂನಿನಲ್ಲೇ ಬರೆದುಬಿಡೋಣ ಅಂತ 1901ರಲ್ಲಿ ಮಾಂಟ್‌ಗೊಮರಿಯಲ್ಲಿ ಸಂವಿಧಾನ ಸಭೆ ಕರೆದರು. 155 ಪ್ರತಿನಿಧಿಗಳು, ಎಲ್ಲರೂ ಬಿಳಿಯ ಗಂಡಸರು. ಅಧ್ಯಕ್ಷ ಜಾನ್ ನಾಕ್ಸ್ ಮುಚ್ಚುಮರೆ ಮಾಡಲಿಲ್ಲ. ದೇಶದ ಸಂವಿಧಾನ ಬಿಟ್ಟಷ್ಟು ಜಾಗದಲ್ಲಿ ಬಿಳಿಯರ ಮೇಲುಗೈ ಸ್ಥಾಪಿಸುವುದೇ ನಮ್ಮ ಕೆಲಸ ಅಂತ ಮೊದಲ ಭಾಷಣದಲ್ಲೇ ಹೇಳಿದರು.

ಬಣ್ಣದ ಹೆಸರೆತ್ತಿ ಮತ ಕಿತ್ತುಕೊಳ್ಳುವಂತಿಲ್ಲ. ಹಾಗಾಗಿ ಸುತ್ತು ದಾರಿ ಹಿಡಿದರು. ಓದು ಬರಹ ಬರಬೇಕು, ಇಲ್ಲವೇ ಆಸ್ತಿ ಇರಬೇಕು. ಸಣ್ಣಪುಟ್ಟ ಅಪರಾಧದ ಶಿಕ್ಷೆ ಆಗಿದ್ದರೂ ಮತ ಇಲ್ಲ. ಇದೆಲ್ಲದರ ಮೇಲೆ ಮತದ ತೆರಿಗೆ, ವರ್ಷಕ್ಕೆ ಒಂದೂವರೆ ಡಾಲರ್. ಕೇಳೋಕೆ ಸಣ್ಣದು. ಆದರೆ ಕಟ್ಟದ ವರ್ಷಗಳ ಬಾಕಿ ಸೇರುತ್ತಾ ಹೋಗುತ್ತಿತ್ತು, 36 ಡಾಲರ್‌ವರೆಗೆ. ಸುಗ್ಗಿಯಲ್ಲಿ ಮಾಲೀಕನ ಅಂಗಡಿ ಸಾಲ ತೀರಿಸಿ ಕೈ ಖಾಲಿ ಮಾಡಿಕೊಳ್ಳುತ್ತಿದ್ದ ರೈತ ಅಷ್ಟು ದುಡ್ಡು ಎಲ್ಲಿಂದ ತರಬೇಕು? ಮತ ಇದ್ದ ಕರಿಯರು 1.8 ಲಕ್ಷದ ಹತ್ತಿರ ಇದ್ದರು. ಎರಡೇ ವರ್ಷದಲ್ಲಿ 3 ಸಾವಿರಕ್ಕೂ ಕೆಳಗಿಳಿದರು. ಇದೇ ತೆರಿಗೆಯ ಹೊಡೆತಕ್ಕೆ ಗುಡ್ಡಗಾಡಿನ ಬಡ ಬಿಳಿಯರೂ ಲಕ್ಷಗಟ್ಟಲೆ ಮತ ಕಳೆದುಕೊಂಡರು. ಅದು ಕೈತಪ್ಪಿ ಆದದ್ದಲ್ಲ ಅಂತಲೇ ನನ್ನ ಅಭಿಪ್ರಾಯ. 1890ರ ದಶಕದಲ್ಲಿ ಈ ಎರಡೂ ಬಡವರು ಕೆಲವು ಕಡೆ ಒಟ್ಟಿಗೆ ಮತ ಹಾಕಿ ಜಮೀನ್ದಾರರಿಗೆ ನಡುಕ ಹುಟ್ಟಿಸಿದ್ದರು.

ಇಂಥ ಸಂವಿಧಾನವನ್ನು ಜನ ಒಪ್ಪಿದ್ದು ಹೇಗೆ? ಒಪ್ಪಲೇ ಇಲ್ಲ ಅನ್ನಬಹುದು. ಕಪ್ಪು ಮಣ್ಣಿನ ಡಲ್ಲಾಸ್, ಹೇಲ್, ವಿಲ್‌ಕಾಕ್ಸ್ ಎಂಬ ಮೂರು ಕೌಂಟಿಗಳ ಲೆಕ್ಕ ನೋಡಿ. ಪರವಾಗಿ 17 ಸಾವಿರಕ್ಕೂ ಹೆಚ್ಚು ಮತ, ವಿರುದ್ಧ ಐನೂರು ಚಿಲ್ಲರೆ. ಆ ಮೂರೂ ಕಡೆ ಸೇರಿ ವಯಸ್ಸಿಗೆ ಬಂದ ಬಿಳಿಯ ಗಂಡಸರು 6 ಸಾವಿರವೂ ಇರಲಿಲ್ಲ. ಅಂದರೆ ಕರಿಯರು ತಮ್ಮ ಮತವನ್ನು ತಾವೇ ಕಿತ್ತುಹಾಕಲು ಸಾಲುಗಟ್ಟಿ ನಿಂತು ಮತ ಹಾಕಿದರಂತೆ! ಈ ಲೆಕ್ಕ ತೆಗೆದರೆ ಸಂವಿಧಾನ ಬಿದ್ದುಹೋಗುತ್ತಿತ್ತು.

ಈಗ ಉದ್ದದ ವಿಷಯ. ಸಭೆ ನಡೆಸಿದವರಿಗೆ ಇನ್ನೊಂದು ಭಯ ಇತ್ತು. ಯಾವುದೋ ಒಂದು ಕೌಂಟಿ ನಾಳೆ ಬೇರೆಯವರ ಕೈಗೆ ಹೋಗಿ, ಜಮೀನಿನ ಮೇಲೆ ತೆರಿಗೆ ಏರಿಸಿ, ಕರಿಯ ಮಕ್ಕಳಿಗೆ ಶಾಲೆ ಕಟ್ಟಿಬಿಟ್ಟರೆ? ಅದಕ್ಕೇ ಕೌಂಟಿಗಳ ಕೈಗೆ ಅಧಿಕಾರ ಕೊಡಲೇ ಇಲ್ಲ. ಆಸ್ತಿ ತೆರಿಗೆಯ ಮಿತಿಯನ್ನೂ ಸಂವಿಧಾನದಲ್ಲೇ ಕಟ್ಟಿಹಾಕಿದರು. ಇಂದಿಗೂ ಅಲಬಾಮಾದಲ್ಲಿ 67 ಕೌಂಟಿಗಳಿವೆ. ಅವುಗಳಲ್ಲಿ ಒಂದಕ್ಕೆ ಸೊಳ್ಳೆ ನಿಯಂತ್ರಣಕ್ಕೆ ತೆರಿಗೆ ಬೇಕೆಂದರೆ, ಇನ್ನೊಂದಕ್ಕೆ ಬಿಂಗೊ ಆಟಕ್ಕೆ ಅನುಮತಿ ಬೇಕೆಂದರೆ, ರಾಜ್ಯದ ಸಂವಿಧಾನವನ್ನೇ ತಿದ್ದಬೇಕು. ಹೀಗೆ ತಿದ್ದುಪಡಿಗಳು 950 ದಾಟಿದವು. ನಾಲ್ಕರಲ್ಲಿ ಮೂರು ಯಾವುದೋ ಒಂದೆರಡು ಕೌಂಟಿಗೆ ಮಾತ್ರ ಸಂಬಂಧಿಸಿದ್ದು. ಒಟ್ಟು ಪದಗಳು ಸುಮಾರು 3.9 ಲಕ್ಷ. ಭಾರತದ ಸಂವಿಧಾನ ಒಂದೂವರೆ ಲಕ್ಷದ ಒಳಗಿದೆ. ನೀವು ಓದಿದ್ದು ನಿಜ, ಎರಡೂವರೆ ಪಟ್ಟು ಉದ್ದ.

2022ರ ನವೆಂಬರ್‌ನಲ್ಲಿ ಜನ ಹೊಸ ಪ್ರತಿಗೆ ಮತ ಹಾಕಿದರು. ಜನಾಂಗಭೇದದ ಸಾಲುಗಳನ್ನು ಅಳಿಸಿ, ತಿದ್ದುಪಡಿಗಳನ್ನು ಕೌಂಟಿವಾರು ಜೋಡಿಸಿದ್ದಾರೆ. ಓದೋಕೆ ಸುಲಭವಾಯಿತು ಅಷ್ಟೇ. ಅಧಿಕಾರ ಹಂಚಿಕೆ, ತೆರಿಗೆಯ ಕಟ್ಟು ಹಾಗೆಯೇ ಉಳಿದವು. ಇದರ ಬಿಸಿ ನಿಮ್ಮ ಮಗಳಿಗೂ ತಟ್ಟುತ್ತದೆ. ಆಸ್ತಿ ತೆರಿಗೆ ದೇಶದಲ್ಲೇ ತೀರಾ ಕಡಿಮೆ ಇರುವ ರಾಜ್ಯಗಳಲ್ಲಿ ಇದೂ ಒಂದು. ಆ ಕೊರತೆ ತುಂಬಲು ಮಾರಾಟ ತೆರಿಗೆ. ಹಂಟ್ಸ್‌ವಿಲ್‌ನಲ್ಲಿ ಅದು 9 ಶೇಕಡಾ. ಬಹಳಷ್ಟು ರಾಜ್ಯಗಳು ಬಿಟ್ಟುಬಿಡುವ ಅಕ್ಕಿ, ಬೇಳೆ, ಹಾಲಿನ ಮೇಲೂ ಅಲಬಾಮಾ ತೆರಿಗೆ ಹಾಕುತ್ತದೆ. ಇತ್ತೀಚೆಗೆ ರಾಜ್ಯದ ಪಾಲನ್ನು ಸ್ವಲ್ಪ ಇಳಿಸಿದ್ದಾರೆ.

ಸರ್ಕಾರದ ಚೌಕಟ್ಟು ಸುಲಭ. ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಥರ ಅಲ್ಲ, ನೇರವಾಗಿ ಜನರಿಂದ ಆರಿಸಿ ಬಂದು ಆಡಳಿತ ನಡೆಸುವವರು. ಕೆಳಮನೆಗೆ 105, ಮೇಲ್ಮನೆಗೆ 35 ಸದಸ್ಯರು. ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಾಧೀಶರೂ ಪಕ್ಷದ ಹೆಸರಲ್ಲೇ ಚುನಾವಣೆಗೆ ನಿಲ್ಲುತ್ತಾರೆ. ಇದು ನನಗಂತೂ ಇಷ್ಟವಾಗದ ಪದ್ಧತಿ.

ಕ್ಷೇತ್ರಗಳ ಲೆಕ್ಕ ಇನ್ನೂ ಸ್ವಾರಸ್ಯ. 1901ರ ಬಳಿಕ 60 ವರ್ಷ ಕ್ಷೇತ್ರಗಳನ್ನು ಮರುಹಂಚಲೇ ಇಲ್ಲ. ಬರ್ಮಿಂಗ್‌ಹ್ಯಾಮ್ ಇರುವ ಜೆಫರ್ಸನ್ ಕೌಂಟಿಗೆ 6 ಲಕ್ಷಕ್ಕೂ ಹೆಚ್ಚು ಜನ, ಒಬ್ಬ ಸೆನೆಟರ್, ಅಂದರೆ ಮೇಲ್ಮನೆ ಸದಸ್ಯ. ಕಪ್ಪು ಮಣ್ಣಿನ ಲೌಂಡ್ಸ್ ಕೌಂಟಿಗೆ 15 ಸಾವಿರ ಜನ, ಅದಕ್ಕೂ ಒಬ್ಬ ಸೆನೆಟರ್. ಆ 15 ಸಾವಿರದಲ್ಲಿ ಐದರಲ್ಲಿ ನಾಲ್ಕು ಪಾಲು ಕರಿಯರು. ಅವರಿಗೆ ಮತವಿಲ್ಲ. ಸೀಟು ಮಾತ್ರ ಅವರ ತಲೆ ಎಣಿಸಿಯೇ ಬಂದದ್ದು. 1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರೆನಾಲ್ಡ್ಸ್ ಮೊಕದ್ದಮೆಯಲ್ಲಿ ಇದನ್ನು ಕಿತ್ತುಹಾಕಿತು. ರಾಜ್ಯ ಶಾಸನಸಭೆಗಳ ಕ್ಷೇತ್ರಗಳಲ್ಲಿ ಜನಸಂಖ್ಯೆ ಹೆಚ್ಚುಕಡಿಮೆ ಸಮ ಇರಬೇಕೆಂಬ ನಿಯಮ ಇಡೀ ದೇಶಕ್ಕೆ ಬಂದದ್ದು ಈ ಅಲಬಾಮಾದ ಜಗಳದಿಂದ.

ಸೀಟಿನ ಜಗಳ ಕೋರ್ಟಿನಲ್ಲಿ ತೀರ್ಮಾನವಾಯಿತು. ಮತಕ್ಕೆ ರಸ್ತೆಗೆ ಇಳಿಯಬೇಕಾಯಿತು. 1955ರ ಡಿಸೆಂಬರ್ 1ರಂದು ಮಾಂಟ್‌ಗೊಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಡಲಿಲ್ಲ. ಕರಿಯರು 381 ದಿನ ಬಸ್ ಹತ್ತದೆ ನಡೆದರು. ಆ ಹೋರಾಟ ಮುನ್ನಡೆಸಿದ 26 ವಯಸ್ಸಿನ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್. ಗಾಂಧಿಯವರ ದಾರಿ ತಿಳಿಯಲೆಂದು 1959ರಲ್ಲಿ ಭಾರತಕ್ಕೂ ಬಂದು ಹೋದರು. ಇದು ನಿಮಗೆ ಗೊತ್ತಿರುವ ಕಥೆ. ನೀಲಿ ಪಟ್ಟಿಗೆ ಇನ್ನೂ ಹತ್ತಿರದ ಕಥೆ ಸೆಲ್ಮಾದ್ದು.

ಸೆಲ್ಮಾ ಇರುವುದು ಅದೇ ಡಲ್ಲಾಸ್ ಕೌಂಟಿಯಲ್ಲಿ. 1965ರ ಆರಂಭದಲ್ಲಿ ಅಲ್ಲಿ ವಯಸ್ಸಿಗೆ ಬಂದ ಕರಿಯರಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ನೂರಕ್ಕೆ ಎರಡು. ಪಕ್ಕದ ಲೌಂಡ್ಸ್‌ನಲ್ಲಿ ಒಬ್ಬರೂ ಇಲ್ಲ. ಫೆಬ್ರವರಿಯಲ್ಲಿ ಹತ್ತಿರದ ಮೇರಿಯನ್ ಊರಲ್ಲಿ ರಾಜ್ಯ ಪೊಲೀಸನೊಬ್ಬ ಜಿಮ್ಮಿ ಲೀ ಜಾಕ್ಸನ್ ಎಂಬ ಯುವಕನಿಗೆ ಗುಂಡು ಹೊಡೆದ. ಎಂಟು ದಿನಕ್ಕೆ ಅವನು ಸತ್ತ. ಗವರ್ನರ್ ಜಾರ್ಜ್ ವಾಲೇಸ್‌ಗೆ ಮುಖಾಮುಖಿ ದೂರು ಕೊಡಲು ಜನ ಮಾಂಟ್‌ಗೊಮರಿಗೆ ನಡೆದೇ ಹೊರಟರು. ಮಾರ್ಚ್ 7ರಂದು ಎಡ್ಮಂಡ್ ಪೆಟಸ್ ಸೇತುವೆ ದಾಟುತ್ತಿದ್ದಂತೆ ಪೊಲೀಸರು ಲಾಠಿ, ಅಶ್ರುವಾಯು, ಕುದುರೆ ಬಳಸಿ ಹೊಡೆದರು. ಅದೇ ರಾತ್ರಿ ಟಿವಿಯಲ್ಲಿ ದೇಶವೆಲ್ಲ ನೋಡಿತು. ಎರಡು ವಾರದ ಬಳಿಕ ಸೈನ್ಯದ ಕಾವಲಿನಲ್ಲಿ ಮತ್ತೆ ಹೊರಟು, 87 ಕಿ.ಮೀ ನಡೆದು, ಮಾರ್ಚ್ 25ಕ್ಕೆ ರಾಜಧಾನಿ ತಲುಪಿದರು. ಆಗಸ್ಟ್ 6ಕ್ಕೆ ಮತದಾನ ಹಕ್ಕು ಕಾಯ್ದೆಗೆ ಸಹಿ ಬಿತ್ತು.

ಆಮೇಲೆ ಲೌಂಡ್ಸ್‌ನಲ್ಲಿ ಏನಾಯಿತು ಅನ್ನೋದು ಭಾರತದವರಿಗೆ ಬೇಗ ಅರ್ಥವಾಗುತ್ತೆ. ಓದು ಬಾರದ ಮತದಾರರಿಗಾಗಿ ಪಕ್ಷಗಳಿಗೆ ಚಿಹ್ನೆ ಇರಬೇಕೆಂದು ಅಲಬಾಮಾದ ಕಾನೂನು. ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಚಿಹ್ನೆ ಬಿಳಿ ಹುಂಜ. ಅದರ ಜೊತೆಗೇ ‘ಬಿಳಿಯರ ಮೇಲುಗೈ’ ಎಂಬ ಘೋಷಣೆ, 1966ರ ಆರಂಭದವರೆಗೂ! ಅದಕ್ಕೆ ಎದುರಾಗಿ ಲೌಂಡ್ಸ್‌ನ ಕರಿಯರು ಸ್ವಂತ ಪಕ್ಷ ಕಟ್ಟಿ ಕರಿ ಚಿರತೆಯ ಚಿಹ್ನೆ ಇಟ್ಟುಕೊಂಡರು. ಕ್ಯಾಲಿಫೋರ್ನಿಯಾದಲ್ಲಿ 1966ರಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಆ ಚಿತ್ರವನ್ನು ಇಲ್ಲಿಂದಲೇ ತೆಗೆದುಕೊಂಡದ್ದು.

ಹುಂಜದ ಆ ಡೆಮಾಕ್ರಟಿಕ್ ಪಕ್ಷವೇ ಇಂದು ನಕ್ಷೆಯಲ್ಲಿ ನೀಲಿ. ಗೊಂದಲ ಆಗುತ್ತೆ, ಅಲ್ವಾ? 1964–65ರ ಹಕ್ಕು ಕಾಯ್ದೆಗಳಿಗೆ ಸಹಿ ಹಾಕಿದ್ದು ಡೆಮಾಕ್ರಟಿಕ್ ಅಧ್ಯಕ್ಷ ಲಿಂಡನ್ ಜಾನ್ಸನ್. ಆಮೇಲೆ ಬಿಳಿಯ ಮತದಾರರು ನಿಧಾನವಾಗಿ ರಿಪಬ್ಲಿಕನ್ ಕಡೆ ಸರಿದರು, ಕರಿಯರು ಡೆಮಾಕ್ರಟಿಕ್ ಕಡೆ ಬಂದರು. ಅಲಬಾಮಾದಲ್ಲಿ ಕೊನೆಯ ಬಾರಿ ಗೆದ್ದ ಡೆಮಾಕ್ರಟಿಕ್ ಅಧ್ಯಕ್ಷೀಯ ಅಭ್ಯರ್ಥಿ 1976ರ ಜಿಮ್ಮಿ ಕಾರ್ಟರ್. ಗುಲಾಮರ ಮೊಮ್ಮಕ್ಕಳಲ್ಲಿ ಬಹಳ ಮಂದಿ ಶಿಕಾಗೊ, ಡೆಟ್ರಾಯಿಟ್‌ಗೆ ಗುಳೆ ಹೋದರು. ಉಳಿದವರು ಅದೇ ಕಪ್ಪು ಮಣ್ಣಿನ ಮೇಲಿದ್ದಾರೆ. ನೀವು ನೋಡಿದ ನೀಲಿ ಪಟ್ಟಿ ಅದು. ಅದರ ಮೇಲ್ಗಡೆ ಕಾಣುವ ನೀಲಿ ತೇಪೆ ಬರ್ಮಿಂಗ್‌ಹ್ಯಾಮ್.

ಜಗಳ ಮುಗಿದಿಲ್ಲ. 2013ರಲ್ಲಿ ಮತದಾನ ಹಕ್ಕು ಕಾಯ್ದೆಯ ಒಂದು ಮುಖ್ಯ ಭಾಗವನ್ನು ಸುಪ್ರೀಂ ಕೋರ್ಟ್ ನಿಷ್ಕ್ರಿಯ ಮಾಡಿದ್ದು ಅಲಬಾಮಾದ ಶೆಲ್ಬಿ ಕೌಂಟಿ ಹಾಕಿದ ಮೊಕದ್ದಮೆಯಲ್ಲಿ. 2023ರಲ್ಲಿ ಅದೇ ಕೋರ್ಟ್ ಅಲಬಾಮಾದ ಕಾಂಗ್ರೆಸ್ ಕ್ಷೇತ್ರಗಳ ನಕ್ಷೆ ಕರಿಯರ ಮತವನ್ನು ದುರ್ಬಲ ಮಾಡುತ್ತಿದೆ ಎಂದಿತು. ಕ್ಷೇತ್ರ ಬದಲಾಯಿಸಿ ನಡೆಸಿದ 2024ರ ಚುನಾವಣೆಯಲ್ಲಿ ಏಳರಲ್ಲಿ ಇಬ್ಬರು ಕರಿಯರು ಗೆದ್ದರು. ಆ ರಾಜ್ಯದಿಂದ ಹಾಗೆ ಆದದ್ದು ಅದೇ ಮೊದಲು.

ಮಣ್ಣಿನ ಕಥೆಗೂ ಇನ್ನೊಂದು ತುದಿ ಇದೆ. ಎರೆ ಮಣ್ಣು ನೀರು ಇಂಗಿಸುವುದಿಲ್ಲ. ಲೌಂಡ್ಸ್‌ನ ಒಂಟಿ ಮನೆಗಳಿಗೆ ಒಳಚರಂಡಿ ಇಲ್ಲ, ಸಾಮಾನ್ಯ ಸೆಪ್ಟಿಕ್ ಟ್ಯಾಂಕ್ ಆ ನೆಲದಲ್ಲಿ ಕೆಲಸ ಮಾಡದು. ಆ ಮಣ್ಣಿಗೆ ಹೊಂದುವ ವ್ಯವಸ್ಥೆಗೆ ಸಾವಿರಾರು ಡಾಲರ್ ಬೇಕು. ಬಡವರು ಪೈಪನ್ನು ಹಿತ್ತಲಿಗೇ ಬಿಟ್ಟರು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ಜನರಲ್ಲಿ ಕೊಕ್ಕೆಹುಳುವಿನ ಸುಳಿವು ಕಂಡಿತು. ಇದಕ್ಕೆ ಮಣ್ಣನ್ನು ದೂರಿದರೆ ತಪ್ಪು. ಕೌಂಟಿಗೆ ಅಧಿಕಾರವೂ ಇಲ್ಲ, ತೆರಿಗೆ ದುಡ್ಡೂ ಇಲ್ಲದ ಹಾಗೆ ಮಾಡಿದ್ದು 1901ರ ಸಂವಿಧಾನ.

ಉಳಿದ ಅಲಬಾಮಾವನ್ನು ಬೇಗ ಸುತ್ತೋಣ. ಹಂಟ್ಸ್‌ವಿಲ್ ಹತ್ತಿ ಗಿರಣಿಯ ಸಣ್ಣ ಊರಾಗಿತ್ತು. 1950ರಲ್ಲಿ ಸೈನ್ಯ ವರ್ನರ್ ಫಾನ್ ಬ್ರೌನ್ ಮತ್ತವರ ಜರ್ಮನ್ ತಂಡವನ್ನು ಅಲ್ಲಿಗೆ ತಂದಿತು. ಹಿಟ್ಲರನಿಗೆ ವಿ-2 ಕ್ಷಿಪಣಿ ಮಾಡಿಕೊಟ್ಟಿದ್ದವರೇ ಅವರು. 1960ರಲ್ಲಿ ನಾಸಾದ ಮಾರ್ಷಲ್ ಕೇಂದ್ರ ಬಂತು, ಚಂದ್ರನಿಗೆ ಹೋದ ಸ್ಯಾಟರ್ನ್ 5 ರಾಕೆಟ್‌ನ ಕೆಲಸ ಅಲ್ಲೇ ನಡೆಯಿತು. ಕೇಂದ್ರ ಸರ್ಕಾರವನ್ನು ಬೈದೇ ಚುನಾವಣೆ ಗೆಲ್ಲುತ್ತಿದ್ದ ರಾಜ್ಯದಲ್ಲಿ ಕೇಂದ್ರದ ದುಡ್ಡಿನಿಂದ ಬೆಳೆದ ಊರು ಈಗ ಎಲ್ಲಕ್ಕಿಂತ ದೊಡ್ಡದು. ಬರ್ಮಿಂಗ್‌ಹ್ಯಾಮ್ 1871ರಲ್ಲಿ ಹುಟ್ಟಿದ ಉಕ್ಕಿನ ನಗರ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಅಕ್ಕಪಕ್ಕದಲ್ಲೇ ಸಿಗುತ್ತಿದ್ದವು. 1963ರ ಸೆಪ್ಟೆಂಬರ್ 15ರಂದು ಬಾಂಬ್ ಇಟ್ಟು ನಾಲ್ವರು ಹುಡುಗಿಯರನ್ನು ಕೊಂದ 16ನೇ ಬೀದಿಯ ಚರ್ಚ್ ಅಲ್ಲಿದೆ. ತಪ್ಪದೆ ನೋಡಿ. ಮೊಬೀಲ್ ಫ್ರೆಂಚರು 1702ರಲ್ಲಿ ಕಟ್ಟಿದ ಊರು. ಮಾರ್ಡಿ ಗ್ರಾ ಹಬ್ಬ ನಮ್ಮದೇ ಮೊದಲು, ನ್ಯೂ ಆರ್ಲಿಯನ್ಸ್ ಆಮೇಲೆ ಅಂತ ಅಲ್ಲಿನವರು ವಾದಕ್ಕೇ ನಿಲ್ಲುತ್ತಾರೆ.

ಊಟದ ಚಿಂತೆ ಬೇಡ. ಮಾಂಸ ತಿನ್ನದವರಿಗೂ ಹುರಿದ ಬೆಂಡೆಕಾಯಿ, ಅಲಸಂದೆ ಕಾಳು, ಗ್ರಿಟ್ಸ್ ಎಂಬ ಜೋಳದ ನುಚ್ಚಿನ ಗಂಜಿ ಸಿಗುತ್ತದೆ, ಹಂದಿ ಕೊಬ್ಬು ಹಾಕಿದ್ದಾರಾ ಅಂತ ಕೇಳಿ ತಿನ್ನಿ. ಬೆಂಡೆ, ಅಲಸಂದೆ ಎರಡೂ ಆಫ್ರಿಕಾದಿಂದ ಗುಲಾಮರ ಜೊತೆ ಬಂದ ಬೆಳೆ. ದಾರಿ ಬದಿಯಲ್ಲಿ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ ಮಾರುತ್ತಾರೆ. ಶೇಂಗಾ ಅಲ್ಲಿ ಹಬ್ಬಿದ್ದು ಹತ್ತಿಗೆ ಹುಳ ಬಿದ್ದ ಮೇಲೆ. ಎಂಟರ್‌ಪ್ರೈಸ್ ಎಂಬ ಊರಿನವರು, ನಮ್ಮನ್ನು ಹತ್ತಿಯಿಂದ ಬಿಡಿಸಿ ಶೇಂಗಾಕ್ಕೆ ಹಚ್ಚಿದೆಯಲ್ಲಾ ಅಂತ 1919ರಲ್ಲಿ ಆ ಹುಳಕ್ಕೇ ಸ್ಮಾರಕ ಕಟ್ಟಿದ್ದಾರೆ.

ಯಾರಾದರೂ ‘ಅಲಬಾಮಾನಾ, ಆಬರ್ನಾ?’ ಅಂದರೆ ಊರು ಕೇಳುತ್ತಿಲ್ಲ. ಅವು ಎರಡು ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡಗಳು. ಸುಮ್ನೆ ನಕ್ಕುಬಿಡಿ, ಪಕ್ಷ ಹಿಡಿಯಬೇಡಿ. ನೀವು ಯೋಗ ಮಾಡುವವರಾದರೆ ಇದೂ ತಿಳಿದಿರಲಿ. 1993ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಯೋಗವನ್ನೇ ನಿಷೇಧಿಸಿದ್ದರು. 2021ರ ಕಾನೂನು ಬಿಟ್ಟುಕೊಟ್ಟಿತು, ಆದರೆ ಆಸನಗಳ ಹೆಸರು ಇಂಗ್ಲಿಷಿನಲ್ಲೇ ಇರಬೇಕು, ಮಂತ್ರ ಇಲ್ಲ, ‘ನಮಸ್ತೆ’ ಅನ್ನುವಂತಿಲ್ಲ. ಮನೆಯಂಗಳದಲ್ಲಿ ನೀವು ಏನು ಬೇಕಾದರೂ ಅನ್ನಬಹುದು.

ಸುತ್ತಾಟಕ್ಕೆ ಒಂದು ದಾರಿ ಹೇಳುತ್ತೇನೆ. ಹಂಟ್ಸ್‌ವಿಲ್‌ನ ರಾಕೆಟ್ ಮ್ಯೂಸಿಯಂ ಒಂದು ದಿನ. ಆಮೇಲೆ ಕಾರಲ್ಲಿ ದಕ್ಷಿಣಕ್ಕೆ, ಬರ್ಮಿಂಗ್‌ಹ್ಯಾಮ್ ಮೇಲೆ ಸೆಲ್ಮಾಕ್ಕೆ. ಸೇತುವೆಯನ್ನು ನಡೆದೇ ದಾಟಿ. ಅಲ್ಲಿಂದ 80ನೇ ಹೆದ್ದಾರಿಯಲ್ಲಿ ಮಾಂಟ್‌ಗೊಮರಿಗೆ ಹೋಗಿ. 1965ರ ನಡಿಗೆಯ ದಾರಿಯೇ ಅದು. ಲೌಂಡ್ಸ್‌ನಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಯ ವಸ್ತುಸಂಗ್ರಹಾಲಯ ಇದೆ. ಮಾಂಟ್‌ಗೊಮರಿಯಲ್ಲಿ 2018ರಲ್ಲಿ ತೆರೆದ ಸ್ಮಾರಕದಲ್ಲಿ, ಗುಂಪು ಕಟ್ಟಿ ಕೊಲ್ಲಲ್ಪಟ್ಟ ಕರಿಯರ ಹೆಸರುಗಳನ್ನು ಕೌಂಟಿವಾರು ಉಕ್ಕಿನ ಕಂಬಗಳಲ್ಲಿ ಕೆತ್ತಿ ತೂಗುಹಾಕಿದ್ದಾರೆ. ಅದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ.

ನೀವು ಹೋಗುವುದು ಏಪ್ರಿಲ್. ಸುಂಟರಗಾಳಿಯ ತಿಂಗಳು. 2011ರ ಏಪ್ರಿಲ್ 27ರಂದು ಒಂದೇ ದಿನ ಅಲಬಾಮಾದಲ್ಲಿ 62 ಸುಂಟರಗಾಳಿ ಎದ್ದವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಎಚ್ಚರಿಕೆ ಬರುವುದು ಕೌಂಟಿ ಹೆಸರಲ್ಲಿ. ಹಂಟ್ಸ್‌ವಿಲ್ ಬಹುಪಾಲು ಮ್ಯಾಡಿಸನ್ ಕೌಂಟಿಯಲ್ಲಿದೆ, ಆದರೂ ಮಗಳ ಮನೆ ಯಾವ ಕೌಂಟಿ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಫೋನಿನಲ್ಲಿ ಎಚ್ಚರಿಕೆ ಆನ್ ಇರಲಿ, ಹೊರಗಿನ ಸೈರನ್ ಮನೆಯೊಳಗೆ ಕೇಳಿಸದೇ ಹೋಗಬಹುದು. ಎಚ್ಚರಿಕೆ ಬಂದರೆ ಆಕಾಶ ನೋಡಲು ಹೊರಗೆ ಹೋಗಬೇಡಿ. ಕೆಳಮಹಡಿಯ, ಕಿಟಕಿ ಇಲ್ಲದ ಒಳಕೋಣೆಗೆ ಹೋಗಿ. ಶೂ ಹಾಕಿಕೊಳ್ಳಿ, ಹೆಲ್ಮೆಟ್ ಇದ್ದರೆ ಅದನ್ನೂ.